ಗೂಡಿಗೆ ಎಷ್ಟು ಕೋಳಿ?

ಮಧುರೆ ಹೋಬಳಿಯ ಹಳ್ಳಿಗಳಲ್ಲಿ ಹಿಂದೆ ಯಾರೂ ಲೆಕ್ಕ ಹಾಕಿ ಕೋಳಿ ಸಾಕುತ್ತಿರಲಿಲ್ಲ. ಬೆಳಗ್ಗೆ ಮಂಕರಿ ಎತ್ತಿದರೆ ಸಾಕು, ತಿಪ್ಪೆ, ಕಣ, ಬೇಲಿಸಾಲು ಎಲ್ಲವನ್ನೂ ಕೆದಕಿಕೊಂಡು ಸಂಜೆ ತಾವಾಗಿಯೇ ಮನೆ ಸೇರುತ್ತಿದ್ದವು. ಇಡೀ ಊರೇ ಗೂಡಾಗಿದ್ದಾಗ ‘ಎಷ್ಟು?’ ಎಂಬ ಪ್ರಶ್ನೆ ಏಳುವುದಾದರೂ ಹೇಗೆ? ಈಗ ರಾಗಿ ಹೊಲಗಳು ನಿವೇಶನಗಳಾಗಿವೆ. ಮನೆಯ ಹಿಂದೆ ನಾಲ್ಕು ಹೆಜ್ಜೆ ಜಾಗ ಉಳಿದರೆ ಅದೇ ಹಿತ್ತಲು. ಕೋಳಿ ಸಾಕುವ ಆಸೆ ಮಾತ್ರ ಹೋಗಿಲ್ಲ. ಮಕ್ಕಳು ಹತ್ತು ಬೇಕೆನ್ನುತ್ತಾರೆ, ತಾಯಿ ಎರಡೇ ಸಾಕೆನ್ನುತ್ತಾರೆ, ತಂದೆ ಜಾತ್ರೆಯಿಂದ ಬಣ್ಣ ಹಚ್ಚಿದ ಮರಿಗಳನ್ನು ತಂದುಬಿಡುತ್ತಾರೆ. (ಹೀಗೆ ಮಾರುವ ಮರಿಗಳಲ್ಲಿ ಬಹುಪಾಲು ಮೊಟ್ಟೆಕೋಳಿ ತಳಿಯ ಗಂಡುಗಳು. ಅವುಗಳಿಂದ ಮೊಟ್ಟೆ ನಿರೀಕ್ಷಿಸಬೇಡಿ!)

ವಿದ್ಯಾರ್ಥಿಗಳು ಪೆನ್ಸಿಲು ಹಿಡಿಯಲಿ. ನಾಲ್ವರ ಸಂಸಾರ, ತಲಾ ವಾರಕ್ಕೆ ನಾಲ್ಕು ಮೊಟ್ಟೆ ಎಂದರೆ ಹದಿನಾರು. ನಾಟಿ ಹೇಂಟೆ ವರ್ಷಕ್ಕೆ ಇಡುವುದು ಅರವತ್ತು, ಎಪ್ಪತ್ತು. ಕಾವು ಕೂತರೆ ಅದೂ ನಿಲ್ಲುತ್ತದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ 1989ರಲ್ಲಿ ಹೊರತಂದ ಗಿರಿರಾಜ ಸುಮಾರು 130ರಿಂದ 150 ಇಡುತ್ತದೆ. ಹೆಬ್ಬಾಳದಲ್ಲೇ 2005ರಲ್ಲಿ ರೂಪುಗೊಂಡ ಸ್ವರ್ಣಧಾರ ಸುಮಾರು 180. ವರ್ಷದ ಮೊಟ್ಟೆಯನ್ನು 52ರಿಂದ ಭಾಗಿಸಿ ನೋಡಿ. ವಾರಕ್ಕೆ ಹದಿನಾರು ಮೊಟ್ಟೆಗೆ ನಾಟಿಯಾದರೆ ಹದಿಮೂರು ಹೇಂಟೆ ಬೇಕು, ಗಿರಿರಾಜವಾದರೆ ಆರು, ಸ್ವರ್ಣಧಾರವಾದರೆ ಐದು. ಹುಂಜ ಬೇಕೇ ಎಂದು ಕೆಲವು ಪೋಷಕರು ಕೇಳುತ್ತಾರೆ. ಬೇಡ. ಹುಂಜವಿಲ್ಲದೆಯೂ ಹೇಂಟೆ ಮೊಟ್ಟೆ ಇಡುತ್ತದೆ. ಅದರಿಂದ ಮರಿಯಾಗುವುದಿಲ್ಲ, ಅಷ್ಟೆ. ನಸುಕಿನ ನಾಲ್ಕು ಗಂಟೆಗೆ ಕೂಗುವ ಹುಂಜದಿಂದ ಪಕ್ಕದ ಮನೆಯವರ ಸ್ನೇಹ ಉಳಿಯುವುದೂ ಕಷ್ಟ.

ಇಲ್ಲಿಗೆ ಲೆಕ್ಕ ಮುಗಿಯಿತೆಂದು ಬಹಳಷ್ಟು ಜನ ಎದ್ದುಬಿಡುತ್ತಾರೆ. ಆದರೆ ಇದು ನಮಗೆ ಬೇಕಾದ ಸಂಖ್ಯೆ, ಜಾಗಕ್ಕೆ ಹಿಡಿಸುವ ಸಂಖ್ಯೆಯಲ್ಲ. ಆರು ಅಡಿ ಉದ್ದ, ನಾಲ್ಕು ಅಡಿ ಅಗಲದ ಗೂಡನ್ನು ತೆಗೆದುಕೊಳ್ಳಿ. ಕೋಳಿ ಫಾರಂಗಳಲ್ಲಿ ಹೊಟ್ಟು ಹಾಸಿದ ನೆಲದ ಮೇಲೆ ಒಂದು ಮೊಟ್ಟೆಕೋಳಿಗೆ ಎರಡು, ಎರಡೂವರೆ ಚದರಡಿ ಕೊಡುವುದುಂಟು. ಅಲ್ಲಿ ದಿನವಿಡೀ ನೋಡಿಕೊಳ್ಳುವ ಆಳುಗಳಿರುತ್ತಾರೆ. ಮನೆಯಲ್ಲಿ ನಾಲ್ಕು ಚದರಡಿ ಇಟ್ಟುಕೊಳ್ಳುವುದು ಕ್ಷೇಮ. ಇಪ್ಪತ್ತನಾಲ್ಕನ್ನು ನಾಲ್ಕರಿಂದ ಭಾಗಿಸಿದರೆ ಆರು. ರಾತ್ರಿ ಕೋಳಿ ಕೂರುವ ಅಡ್ಡಗಳುವಿನಲ್ಲಿ ತಲಾ ಎಂಟು ಅಂಗುಲ ಬೇಕು. ನಾಲ್ಕು ಅಡಿ ಗಳುವಿಗೂ ಆರೇ. ಹಗಲು ಓಡಾಡಲು ಜಾಲರಿ ಕಟ್ಟಿದ ಅಂಗಳದಲ್ಲಿ ತಲಾ ಹತ್ತು ಚದರಡಿಯಾದರೂ ಇರಲಿ. ಅಂಗಳ ನಲವತ್ತು ಚದರಡಿಯಷ್ಟೇ ಇದ್ದರೆ? ಗೂಡಿನಲ್ಲಿ ಆರಕ್ಕೆ ಜಾಗವಿದ್ದರೂ ನಿಮ್ಮ ಸಂಖ್ಯೆ ನಾಲ್ಕು. ಗೊಬ್ಬರದ ವಿಷಯದಲ್ಲಿ ಲೀಬಿಗ್‌ನ ಹೆಸರಿನಲ್ಲಿ ಪ್ರಸಿದ್ಧವಾದ ನಿಯಮ ನೆನಪಿದೆಯೇ? ಯಾವ ಪೋಷಕಾಂಶ ಎಲ್ಲಕ್ಕಿಂತ ಕಡಿಮೆಯೋ ಬೆಳೆ ಅದರಷ್ಟೇ. ಕೋಳಿಗೂಡಿಗೂ ಅದು ಒಪ್ಪುತ್ತದೆ.

ಜಾಗ ಸಾಲದಿದ್ದರೆ ಏನಾಗುತ್ತದೆ? ಮೊದಲು ಜಗಳ. ನಾರ್ವೆಯ ಶೆಲ್ಡರಪ್-ಎಬ್ಬೆ ಎಂಬಾತ ಹುಡುಗನಾಗಿದ್ದಾಗಲೇ ಕೋಳಿಗಳನ್ನು ಗಮನಿಸಿ ಯಾವುದು ಯಾವುದನ್ನು ಕುಕ್ಕುತ್ತದೆಂದು ಬರೆದಿಡುತ್ತಿದ್ದ. ಹಿಂಡಿನಲ್ಲಿ ಒಂದು ಶ್ರೇಣಿಯಿರುತ್ತದೆ, ಮೇಲಿನದು ಕೆಳಗಿನದನ್ನು ಕುಕ್ಕುತ್ತದೆ ಎಂದು 1920ರ ದಶಕದ ಆರಂಭದಲ್ಲಿ ಪ್ರಕಟಿಸಿದ. ಬಯಲಿನಲ್ಲಿ ಸೋತ ಕೋಳಿ ಓಡಿಹೋಗುತ್ತದೆ. ಇಕ್ಕಟ್ಟಾದ ಗೂಡಿನಲ್ಲಿ ಓಡಲು ಜಾಗವೆಲ್ಲಿ? ಪುಕ್ಕ ಕಿತ್ತು ರಕ್ತ ಕಂಡಿತೆಂದರೆ ಉಳಿದವೂ ಅಲ್ಲಿಗೇ ಕುಕ್ಕುತ್ತವೆ. ಹಾಗೆಂದು ಒಂದೇ ಕೋಳಿ ತರುವುದೂ ಸರಿಯಲ್ಲ. ಅದು ಹಿಂಡಿನ ಪ್ರಾಣಿ. ಎರಡಿದ್ದು ಒಂದನ್ನು ಮುಂಗುಸಿ ಹಿಡಿದರೆ ಇನ್ನೊಂದು ಒಂಟಿಯಾಗುತ್ತದೆ. ಆದ್ದರಿಂದ ಕನಿಷ್ಠ ಮೂರು. ಅವೂ ಒಂದೇ ವಯಸ್ಸಿನವಾಗಿದ್ದು ಒಟ್ಟಿಗೆ ಬಂದರೆ ಜಗಳ ಕಡಿಮೆ.

ಎರಡನೆಯದು ನಾತ. ಹಿಕ್ಕೆಯಲ್ಲಿರುವ ಯೂರಿಕ್ ಆಮ್ಲವನ್ನು ತೇವದಲ್ಲಿ ಬ್ಯಾಕ್ಟೀರಿಯಾಗಳು ಒಡೆದು ಅಮೋನಿಯಾ ಮಾಡುತ್ತವೆ. ಒಂದು ಕೋಳಿ ದಿನಕ್ಕೆ ನೂರು ಗ್ರಾಂಗೂ ಹೆಚ್ಚು ಹಿಕ್ಕೆ ಹಾಕುತ್ತದೆ, ಅದರಲ್ಲಿ ಮುಕ್ಕಾಲು ಪಾಲು ನೀರು. ಕೋಳಿ ಕಡಿಮೆಯಿದ್ದರೆ ಹಾಸಿದ ಭತ್ತದ ಹೊಟ್ಟು ಆ ನೀರನ್ನು ಹೀರಿ ಒಣಗುತ್ತದೆ. ಹೆಚ್ಚಿದ್ದರೆ ಒಣಗಲು ಬಿಡುವೇ ಸಿಗದು. ಬೆಳಗ್ಗೆ ಗೂಡಿನ ಬಾಗಿಲು ತೆಗೆದು ಕೋಳಿಯ ಎತ್ತರಕ್ಕೆ ಮೂಗು ತನ್ನಿ. ಕಣ್ಣು ಉರಿದರೆ ಕೋಳಿ ಹೆಚ್ಚಾಗಿವೆ, ಇಲ್ಲವೇ ಗಾಳಿ ಸಾಲದು. ಇದಕ್ಕಿಂತ ಅಗ್ಗದ ಪರೀಕ್ಷೆ ಯಾವ ಪ್ರಯೋಗಶಾಲೆಯಲ್ಲೂ ಇಲ್ಲ.

ಖರ್ಚಿನ ಮಾತಿಗೆ ಬರೋಣ. ಬಲಿತ ಹೇಂಟೆ ದಿನಕ್ಕೆ ಸುಮಾರು 120 ಗ್ರಾಂ ಮೇವು ತಿನ್ನುತ್ತದೆ. ನಾಲ್ಕಕ್ಕೆ ತಿಂಗಳಿಗೆ ಹದಿನಾಲ್ಕೂವರೆ ಕಿಲೋ. ನಾಲ್ಕು ಸ್ವರ್ಣಧಾರ ತಿಂಗಳಿಗೆ ಅರವತ್ತು ಮೊಟ್ಟೆ ಇಟ್ಟರೆ, ಒಂದು ಮೊಟ್ಟೆಗೆ ಸುಮಾರು 240 ಗ್ರಾಂ ಮೇವು. ನಿಮ್ಮೂರಿನ ಅಂಗಡಿಯ ದರ ಹಾಕಿ ಗುಣಿಸಿ ನೋಡಿ. ಉಳಿದ ಮುದ್ದೆ, ಸೊಪ್ಪಿನ ಕಡ್ಡಿ ಸ್ವಲ್ಪ ಖರ್ಚು ತಗ್ಗಿಸಬಹುದು. ಆದರೆ ಒಂದು ಮೊಟ್ಟೆಯ ಚಿಪ್ಪಿಗೇ ಸುಮಾರು ಎರಡು ಗ್ರಾಂ ಕ್ಯಾಲ್ಸಿಯಂ ಬೇಕು. ಬರೀ ಅನ್ನ, ಮುದ್ದೆ ಹಾಕಿದರೆ ತೋಲುಮೊಟ್ಟೆ ಬಂದೀತು. ಅಂಗಡಿಗಿಂತ ಅಗ್ಗದ ಮೊಟ್ಟೆ ಸಿಗುತ್ತದೆಂಬ ಲೆಕ್ಕದಲ್ಲಿ ಕೋಳಿ ಸಾಕಬೇಡಿ ಎಂದೇ ನನ್ನ ಅಭಿಪ್ರಾಯ.

ಇನ್ನೊಂದು ಪ್ರಶ್ನೆಯನ್ನು ಮರಿ ತರುವ ಮೊದಲೇ ಮನೆಯಲ್ಲಿ ಕೂತು ಮಾತಾಡಿ. ಹೇಂಟೆ ಐದಾರು ತಿಂಗಳಿಗೆ ಮೊಟ್ಟೆಗೆ ಬರುತ್ತದೆ, ಮೊದಲ ವರ್ಷ ಚೆನ್ನಾಗಿ ಇಡುತ್ತದೆ. ಆಮೇಲೆ ಗರಿ ಉದುರಿಸಿ ವಿಶ್ರಮಿಸುತ್ತದೆ, ಮೊಟ್ಟೆ ವರ್ಷದಿಂದ ವರ್ಷಕ್ಕೆ ಇಳಿಯುತ್ತದೆ. ಆದರೆ ಆಯುಷ್ಯ ಆರೇಳು ವರ್ಷವಿರಬಹುದು. ಮುದಿಕೋಳಿ ಸಾರಿಗೋ, ಹಿತ್ತಲಿಗೋ? ಮಕ್ಕಳು ಅಷ್ಟು ಹೊತ್ತಿಗೆ ಅವಕ್ಕೆ ಹೆಸರಿಟ್ಟಿರುತ್ತಾರೆ. ಹಬ್ಬದ ದಿನ ಹೇಳದೆ ಕೇಳದೆ ಒಂದು ಕಡಿಮೆಯಾದರೆ ಆ ಮಗು ಊಟದ ತಟ್ಟೆಯ ಮುಂದೆ ಏನು ಮಾಡೀತು? ಸಾರಿಗೆ ಎನ್ನುವುದಾದರೆ ಮೊದಲೇ ತಿಳಿಸಿ. ಉಳಿಸಿಕೊಳ್ಳುವುದಾದರೆ, ಆರರ ಗೂಡಿಗೆ ಈಗ ನಾಲ್ಕನ್ನೇ ತನ್ನಿ; ಎರಡರ ಜಾಗ ಮುಂದೆ ಬರುವ ಎಳೆಯವಕ್ಕೆ ಇರಲಿ. ಅಲ್ಲಿಯವರೆಗೆ ವಾರಕ್ಕೆ ಹದಿನಾಲ್ಕು ಮೊಟ್ಟೆ ಸಿಗುತ್ತದೆ, ಕಡಿಮೆ ಬಿದ್ದ ಎರಡನ್ನು ಅಂಗಡಿಯಿಂದ ತಂದರಾಯಿತು.

ಮರಿಗಳಿಗೆ ನಮ್ಮವರು ದೂರ ಹೋಗಬೇಕಿಲ್ಲ. ಹೆಸರಘಟ್ಟದ ಕೇಂದ್ರೀಯ ಕುಕ್ಕುಟ ಅಭಿವೃದ್ಧಿ ಸಂಸ್ಥೆಯಲ್ಲೋ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲೋ ವಿಚಾರಿಸಬಹುದು. ಕೊಕ್ಕರೆ ರೋಗಕ್ಕೆ, ಅಂದರೆ ರಾಣಿಖೇತ್‌ಗೆ, ಮೊದಲ ವಾರದಲ್ಲಿ ಲಸೋಟಾ ಹನಿ, ಎಂಟು ವಾರಕ್ಕೆ ಇನ್ನೊಂದು ಲಸಿಕೆ ತಪ್ಪಿಸಬೇಡಿ. ಲಸಿಕೆಯ ಸೀಸೆ ಸಾಮಾನ್ಯವಾಗಿ ನೂರು ಕೋಳಿಗಾಗುವಷ್ಟು ಇರುತ್ತದೆ, ಒಮ್ಮೆ ಕಲಸಿದ ಮೇಲೆ ಕೆಲವೇ ಗಂಟೆಗಳಲ್ಲಿ ಮುಗಿಸಬೇಕು. ನಿಮ್ಮ ನಾಲ್ಕು ಕೋಳಿಗೆ ಒಂದು ಸೀಸೆ ಒಡೆಯುವ ಬದಲು, ಬೀದಿಯಲ್ಲಿ ಇನ್ನು ಯಾರು ಯಾರು ಸಾಕಿದ್ದಾರೆಂದು ವಿಚಾರಿಸಿ, ಒಂದು ದಿನ ಗೊತ್ತುಮಾಡಿ, ಪಶುವೈದ್ಯ ಆಸ್ಪತ್ರೆಗೆ ತಿಳಿಸಿ.