ಹಿಟ್ಟಿನೊಳಗೆ ಬಣ್ಣದ ಸಂಚಾರ

ಬೀಟ್‌ರೂಟ್ ರಸದ ಹನಿಯೊಂದು ಹಾಲಿನ ಬಟ್ಟಲಿಗೆ ಬೀಳುತ್ತದೆ. ಬಿದ್ದ ಕಡೆ ಮೊದಲು ಕಡುಗೆಂಪು ಚುಕ್ಕಿ. ಅರೆಗಳಿಗೆಯಲ್ಲೇ ಅದರ ಅಂಚು ಸಡಿಲಗೊಂಡು, ಸಣ್ಣ ಸಣ್ಣ ಎಳೆಗಳು ಹೊರಗೆ ಹರಿಯತೊಡಗುತ್ತವೆ. ಎಳೆಯ ತುದಿ ಗುಲಾಬಿ, ಅದರಾಚೆಗೆ ನಸುಗುಲಾಬಿ, ಅದರಾಚೆಗೆ ಬಣ್ಣವೆನ್ನಲೂ ಆಗದಷ್ಟು ತೆಳುವಾದ ಒಂದು ಛಾಯೆ. ಚಮಚ ಮುಟ್ಟಿಸದಿದ್ದರೂ ಬಣ್ಣ ತಾನಾಗಿ ದಾರಿ ಹುಡುಕಿಕೊಳ್ಳುತ್ತದೆ. ಅದೇ ರಸದ ಹನಿಯನ್ನು ಕಪ್‌ಕೇಕಿಗೆ ಕಲಸಿದ ಹಿಟ್ಟಿನ ಮೇಲೆ ಬಿಟ್ಟರೆ ಅದು ಬಿದ್ದಲ್ಲೇ ಕೂತುಬಿಡುತ್ತದೆ. ಬಹಳ ಹೊತ್ತಿನ ಮೇಲೆ ಬಂದು ನೋಡಿದರೂ ಅಂಚು ಕೂದಲೆಳೆಯಷ್ಟು ಮಸುಕಾಗಿರುತ್ತದೆ, ಅಷ್ಟೇ. ಮೈದಾ, ಬೆಣ್ಣೆ, ಮೊಟ್ಟೆ ಸೇರಿದ ಆ ದಪ್ಪ ಹಿಟ್ಟಿನಲ್ಲಿ ಬಣ್ಣಕ್ಕೆ ಸ್ವಂತ ನಡಿಗೆ ಇಲ್ಲ. ಕೈ ಒಯ್ದಲ್ಲಿಗೆ ಮಾತ್ರ ಅದು ಹೋಗುತ್ತದೆ.

ಗಾಜಿನ ಬಟ್ಟಲಿನಲ್ಲಿ ಕಲಸಿದರೆ ಈ ಸಂಚಾರವನ್ನು ಕೆಳಗಿನಿಂದಲೂ ಕಾಣಬಹುದು. ಸ್ಪ್ಯಾಚುಲಾ ಒಮ್ಮೆ ಸುತ್ತಿದಾಗ ಹನಿ ಉದ್ದಕ್ಕೆ ಎಳೆದ ಪಟ್ಟೆಯಾಗುತ್ತದೆ. ಹಿಟ್ಟನ್ನು ತಳದಿಂದೆತ್ತಿ ಮಗುಚಿದಾಗ ಆ ಪಟ್ಟೆ ಮಡಚಿ ಎರಡಾಗುತ್ತದೆ, ಅಗಲ ಅರ್ಧಕ್ಕಿಳಿಯುತ್ತದೆ. ಇನ್ನೊಮ್ಮೆ ಮಗುಚಿದರೆ ನಾಲ್ಕು. ಹೀಗೆ ಎಳೆಯುತ್ತ, ಮಡಚುತ್ತ ಹೋದಂತೆ ಹಿಟ್ಟಿನ ಮೈಯಲ್ಲಿ ತೇಗದ ಹಲಗೆಯ ಗೆರೆಗಳಂಥ ವಿನ್ಯಾಸ ಏಳುತ್ತದೆ, ಗೆರೆಗಳು ಒತ್ತೊತ್ತಾಗುತ್ತವೆ, ಕೊನೆಗೆ ಗೆರೆ ಯಾವುದು ನಡುವಿನ ಜಾಗ ಯಾವುದು ಎಂದು ಕಣ್ಣಿಗೆ ಬೇರ್ಪಡಿಸಲಾಗುವುದಿಲ್ಲ. ಹಿಟ್ಟಿನಲ್ಲಿ ಬಣ್ಣ ಸಮನಾಗುವುದೆಂದರೆ ಗೆರೆಗಳು ಕಣ್ಣಿನ ಅಳತೆಗಿಂತ ಸಣ್ಣದಾಗುವುದು. ಈ ಹೊತ್ತಿನಲ್ಲೂ ಬಿಳಿ ಹಿಟ್ಟು ಅಡಗಿ ಕೂರುವ ತಾವುಗಳಿವೆ: ಬಟ್ಟಲಿನ ತಳದ ನಟ್ಟನಡು, ಅಂಚಿನ ಒಳತಿರುವು, ಸ್ಪ್ಯಾಚುಲಾದ ಬೆನ್ನು. ಮೇಲಿನಿಂದ ನೋಡಿ ಸಮನಾಯಿತೆಂದುಕೊಂಡ ಹಿಟ್ಟನ್ನು ಪೇಪರ್ ಕಪ್‌ಗಳಿಗೆ ತುಂಬುವಾಗ, ಕೊನೆಯ ಕಪ್ಪಿಗೆ ಬರುವುದು ಈ ತಳದ ಹಿಟ್ಟೇ. ಒಂದೇ ತಟ್ಟೆಯಲ್ಲಿ ಬೆಂದ ಕೇಕುಗಳಲ್ಲಿ ಒಂದು ಮಾತ್ರ ಕೆನೆಬಣ್ಣದ ಸುಳಿಯೊಂದಿಗೆ ಹೊರಬರುವುದು ಇದರಿಂದಲೇ.

ಸಮನಾಗುವವರೆಗೆ ಕಲಸುತ್ತಲೇ ಹೋಗೋಣವೆಂದರೆ ಮೈದಾ ಬಿಡುವುದಿಲ್ಲ. ನೀರಿನಂಶ ತಗುಲಿ ಕೈಯಾಡಿದಷ್ಟೂ ಅದರಲ್ಲಿ ಗ್ಲುಟೆನ್ ಎಂಬ ಅಂಟು ಬಲಿಯುತ್ತದೆ. ಮೊದಲು ಚಮಚದಿಂದ ದಪ್ಪಗೆ ಕಡಿದು ಬೀಳುತ್ತಿದ್ದ ಹಿಟ್ಟು ಆಮೇಲೆ ಹೊಳಪೇರಿ ದಾರದಂತೆ ಜಗ್ಗುತ್ತದೆ. ಅಂಥ ಹಿಟ್ಟಿನ ಕೇಕನ್ನು ಕೊಯ್ದರೆ ತಳದಿಂದ ನೆತ್ತಿಯ ಕಡೆಗೆ ಸಣ್ಣ ಸುರಂಗಗಳು ಕಾಣುತ್ತವೆ, ಮೈ ಬಿರುಸಾಗಿರುತ್ತದೆ. ಹಾಗಾಗಿ ಬಣ್ಣದ ಕೆಲಸವೆಲ್ಲ ಮೈದಾ ಬೀಳುವ ಮುಂಚೆಯೇ ಮುಗಿಯಬೇಕು. ಹಾಲಿನಲ್ಲಿ ಕರಗಿಸಿಟ್ಟರೆ ಬಣ್ಣ ತಾನೇ ಹರಡಿಕೊಂಡಿರುತ್ತದೆ, ಮೈದಾ ಬಂದಮೇಲೆ ನಾಲ್ಕಾರು ಸಲ ಮಗುಚಿದರೆ ಸಾಕು. ಪುಡಿ ಬಣ್ಣಕ್ಕಂತೂ ಇದು ಇನ್ನೂ ಮುಖ್ಯ. ಒಣ ಕಣವೊಂದು ಹಿಟ್ಟಿಗೆ ನೇರವಾಗಿ ಬಿದ್ದರೆ ಅಲ್ಲೇ ಒದ್ದೆಯಾಗಿ, ಬೆಂದಮೇಲೆ ಶಾಯಿಯ ಚುಕ್ಕೆಯಾಗಿ ಅರಳುತ್ತದೆ.

ಆದರೆ ಎಲ್ಲ ಬಣ್ಣಕ್ಕೂ ಹಾಲೇ ದಾರಿಯಲ್ಲ. ಬೀಟ್‌ರೂಟಿನ ಬಣ್ಣವೂ ಅಂಗಡಿಯ ಜೆಲ್ ಬಣ್ಣವೂ ಸಾಮಾನ್ಯವಾಗಿ ನೀರಿನ ಜೀವಿಗಳು. ಅವನ್ನು ಬೆಣ್ಣೆಗೆ ಹಾಕಿ ಕಡೆದರೆ ಕೊಬ್ಬಿನೊಳಗೆ ಇಳಿಯುವುದಿಲ್ಲ. ಅಂಗಡಿಯ ಬೆಣ್ಣೆಯಲ್ಲಿ ನೂರಕ್ಕೆ ಸುಮಾರು 16 ಪಾಲಿನಷ್ಟಿರುವ ನೀರಿಗೆ ಹೋಗಿ ಅಂಟಿಕೊಳ್ಳುತ್ತವೆ. ಹತ್ತಿರದಿಂದ ನೋಡಿದರೆ ಮಾಸಲು ಬೆಣ್ಣೆಯ ತುಂಬ ಕೆಂಪು ನುಸಿಗಳು. ಮೊಟ್ಟೆ ಒಡೆದು ಹಾಕಿ ಕಡೆದಾಗ ಹಳದಿ ಲೋಳೆಯ ಲೆಸಿಥಿನ್ ನೀರನ್ನೂ ಕೊಬ್ಬನ್ನೂ ಒಂದುಗೂಡಿಸುತ್ತದೆ, ಆ ನುಸಿಗಳು ಒಂದೊಂದಾಗಿ ಮಾಯವಾಗುತ್ತವೆ. ಅರಿಶಿನದ ಸ್ವಭಾವ ಇದಕ್ಕೆ ತದ್ವಿರುದ್ಧ. ಅದರ ಕರ್ಕ್ಯುಮಿನ್ ನೀರಿನಲ್ಲಿ ಕರಗುವುದೇ ಇಲ್ಲವೆನ್ನಬೇಕು. ಹಾಲಿಗೆ ಹಾಕಿದರೆ ಪುಡಿಯ ಬಹುಪಾಲು ತಳ ಸೇರುತ್ತದೆ. ಬಿಸಿ ಮಾಡಿದ ಬೆಣ್ಣೆಗೆ ಚಿಟಿಕೆ ಹಾಕಿದರೆ ಮಾತ್ರ ಕೂಡಲೇ ತಿಳಿಯಾದ ಹೊಂಬಣ್ಣ ಬಿಚ್ಚಿಕೊಳ್ಳುತ್ತದೆ.

ಅರಿಶಿನದ ಕಪ್‌ಕೇಕಿನಲ್ಲಿ ನಾನು ಬಹಳ ಹೊತ್ತು ನೋಡುವುದು ಅದರ ಕೆಂಪು ಮಚ್ಚೆಗಳನ್ನು. ಹಳದಿ ಮೈಯ ನಡುವೆ ಸಾಸಿವೆ ಕಾಳಿನಷ್ಟು ಚುಕ್ಕಿ. ನಡುವೆ ಇಟ್ಟಿಗೆಗೆಂಪು, ಸುತ್ತ ಕಿತ್ತಳೆ ಬಳೆ, ಹೊರಗೆ ಮತ್ತೆ ಹಳದಿ. ಅಡುಗೆ ಸೋಡಾದ ಗಂಟೊಂದು ಒಡೆಯದೆ ಉಳಿದ ಜಾಗ ಅದು. ಕ್ಷಾರ ತಗುಲಿದಲ್ಲಿ ಅರಿಶಿನ ಕೆಂಪಾಗುತ್ತದೆ. ಅರಿಶಿನ ಸುಣ್ಣ ಕದಡಿದ ಆರತಿ ನೀರು ಕೆಂಪಾಗುವುದೂ, ಢೋಕ್ಲಾದ ಮೇಲೆ ಕೆಂಪು ಕಲೆ ಮೂಡುವುದೂ ಇದರಿಂದಲೇ. ಕೇಕಿನೊಳಗೆ ಸೋಡಾ ಎಲ್ಲೆಲ್ಲಿ ತಲುಪಿದೆ, ಎಲ್ಲಿ ನಿಂತಿದೆ ಎಂಬುದನ್ನು ಈ ಮಚ್ಚೆಗಳು ತೋರಿಸಿಕೊಡುತ್ತವೆ. ಸೋಡಾವನ್ನು ಮೈದಾದ ಜೊತೆ ಎರಡು ಸಲ ಜರಡಿ ಹಿಡಿದರೆ ಮಚ್ಚೆ ಇಲ್ಲ.

ಬೀಟ್‌ರೂಟಿಗೂ ಕ್ಷಾರ ಆಗದು. ಸೋಡಾ ಹೆಚ್ಚಾದ ಹಿಟ್ಟಿನಲ್ಲಿ ಆ ಸೊಗಸಾದ ಗುಲಾಬಿ ಬೇಯುತ್ತ ಬೇಯುತ್ತ ಕಂದುಹಳದಿಗೆ ತಿರುಗುತ್ತದೆ. ಮೊಸರೋ ನಿಂಬೆರಸವೋ ಸೇರಿದ ಹಿಟ್ಟಿನಲ್ಲಿ ಹೆಚ್ಚು ಹೊತ್ತು ಬಾಳುತ್ತದೆ. ಆದರೂ ಬಿಸಿ ಅದನ್ನು ಸವೆಸದೆ ಬಿಡುವುದಿಲ್ಲ. ಬೆಂದ ಕೇಕನ್ನು ನೆತ್ತಿಯಿಂದ ತಳಕ್ಕೆ ಸೀಳಿ ನೋಡಿದರೆ ಹೊರಗಿನ ಸುತ್ತು ಚರ್ಮದ ಕಂದು, ಒಳಗಿನದು ಮಾಸಲು ಗುಲಾಬಿ, ತಿರುಳಿನಲ್ಲಿ ಮಾತ್ರ ಹಸಿ ಹಿಟ್ಟಿನ ನೆನಪಿನಷ್ಟು ಕೆಂಪು. ಬಿಸಿ ಯಾವ ದಾರಿಯಲ್ಲಿ, ಎಷ್ಟು ಹೊತ್ತಿನಲ್ಲಿ ಒಳನುಗ್ಗಿತೆಂಬುದು ಅಲ್ಲಿ ಬಣ್ಣದಲ್ಲೇ ದಾಖಲಾಗಿರುತ್ತದೆ.

ಓವನ್ನಿನ ಗಾಜಿನ ಮುಂದೆ ಕೂತು ನೋಡುವುದು ಇನ್ನೊಂದು ಬಗೆಯ ಸಾವಧಾನ. ಮೊದಲು ಏನೂ ಆಗುವುದಿಲ್ಲ. ಆಮೇಲೆ ಅಂಚು ಗಟ್ಟಿಯಾಗುತ್ತದೆ, ಹೊಳಪು ಹೋಗಿ ಮಂಕಾಗುತ್ತದೆ. ನಡುವಿನ ಹಿಟ್ಟು ಇನ್ನೂ ಮಿರುಗುತ್ತಲೇ ನಿಧಾನಕ್ಕೆ ಉಬ್ಬುತ್ತದೆ. 180 ಡಿಗ್ರಿಯಲ್ಲಿ ನೆತ್ತಿ ಬೇಗ ಕಂದುತ್ತದೆ. ಸಕ್ಕರೆ, ಪ್ರೋಟೀನುಗಳು ಬಿಸಿಗೆ ಕೂಡಿ ಹುಟ್ಟಿಸುವ ಆ ಹೊಂಗಂದು ಕೆಳಗಿನ ಬಣ್ಣವನ್ನು ಮುಚ್ಚಿಬಿಡುತ್ತದೆ. 160ಕ್ಕೆ ಇಳಿಸಿ ತುಸು ಹೆಚ್ಚು ಹೊತ್ತು ಬೇಯಿಸಿದರೆ ನೆತ್ತಿ ಅಷ್ಟಾಗಿ ಕಂದದು. ನೆತ್ತಿ ಬಿರಿದಾಗ ಆ ಬಿರುಕಿನೊಳಗೆ ಕಾಣುವುದೇ ಕೇಕಿನ ನಿಜವಾದ ಬಣ್ಣ.

ಎಲ್ಲಕ್ಕಿಂತ ಸೂಕ್ಷ್ಮ ನೀಲಿ. ಹಸುವಿನ ಬೆಣ್ಣೆಯಲ್ಲಿ ಹುಲ್ಲಿನಿಂದ ಬಂದ ಕ್ಯಾರೊಟಿನ್ ಇದೆ, ಮೊಟ್ಟೆಯ ಹಳದಿಯಲ್ಲೂ ಅದೇ ಬಳಗದ ಬಣ್ಣಗಳಿವೆ. ಎಷ್ಟು ಸಮನಾಗಿ ಕಲಸಿದರೂ ಅಲ್ಲಿ ನೀಲಿ ಪಾಚಿಹಸಿರಿನ ಕಡೆಗೇ ವಾಲುತ್ತದೆ. ಎಮ್ಮೆಯ ಮೈ ಕ್ಯಾರೊಟಿನ್ ಅನ್ನು ‘ಎ’ ಜೀವಸತ್ವವಾಗಿ ಮಾರ್ಪಡಿಸಿಕೊಳ್ಳುವುದರಿಂದ ಎಮ್ಮೆ ಬೆಣ್ಣೆ ಬೆಳ್ಳಗಿರುತ್ತದೆ. ಅದರ ಜೊತೆ ಮೊಟ್ಟೆಯ ಬಿಳಿಯನ್ನಷ್ಟೇ ಬಳಸಿದರೆ ನೀಲಿ ನೀಲಿಯಾಗೇ ಉಳಿಯುತ್ತದೆ. ಆಗ ಹೆಚ್ಚು ಬಣ್ಣವೂ ಬೇಕಾಗುವುದಿಲ್ಲ. ಭಾರತದ ಆಹಾರ ನಿಯಮದಲ್ಲಿ ಅನುಮತಿ ಇರುವ ಕೃತಕ ಬಣ್ಣಗಳು ಎಂಟು. ಕೇಕಿನಲ್ಲಿ ಅವುಗಳ ಮಿತಿ ಕಿಲೋಗೆ 100 ಮಿಲಿಗ್ರಾಂ. ನನಗಂತೂ ತೆಳುಬಣ್ಣವೇ ಇಷ್ಟ. ಗಾಢಬಣ್ಣ ಗೆರೆಗಳನ್ನು ನುಂಗಿಬಿಡುತ್ತದೆ. ತೆಳುಬಣ್ಣದಲ್ಲಿ ಹಿಟ್ಟಿನ ಒಂದೊಂದು ಚಲನೆಯೂ ಕಾಣುತ್ತದೆ.

ಈಗ ನೋಡುತ್ತಿರುವುದು ಶಂಖಪುಷ್ಪವನ್ನು. ಒಣಗಿದ ಎಸಳುಗಳನ್ನು ಬಿಸಿ ಹಾಲಿಗೆ ಹಾಕಿದರೆ ಹಾಲು ಬೂದುನೀಲಿಗೆ ತಿರುಗುತ್ತದೆ. ನಿಂಬೆರಸ ಬಿದ್ದ ಹಿಟ್ಟಿನಲ್ಲಿ ಆ ನೀಲಿ ನೇರಳೆಯತ್ತ ಸರಿಯುತ್ತದೆ, ಸೋಡಾ ಮೇಲುಗೈಯಾದಲ್ಲಿ ಹಸಿರಿನತ್ತ. ರಸ ಸರಿಯಾಗಿ ಬೆರೆಯದ ಹಿಟ್ಟಿನಲ್ಲಿ ಎರಡೂ ಅಕ್ಕಪಕ್ಕದಲ್ಲೇ ಇರುತ್ತವೆ. ಒಂದೇ ಕೇಕಿನ ಎಡಮಗ್ಗುಲು ನೇರಳೆ, ಬಲಮಗ್ಗುಲು ನೀಲಿಹಸಿರು.