ಸಹಕಾರದ ಬಸ್ಸು ನಿಂತ ಮೇಲೆ

ಮಲೆನಾಡಿನ ಒಂಟಿಮನೆಗಳಲ್ಲಿ ಗಡಿಯಾರಕ್ಕಿಂತ ಬಸ್ಸಿನ ಮೇಲೆ ನಂಬಿಕೆ ಹೆಚ್ಚಿತ್ತು. ತಿರುವಿನಾಚೆ ಹಾರನ್ ಕೇಳಿದರೆ ಮಕ್ಕಳು ಚೀಲ ಹೆಗಲಿಗೇರಿಸಿ ರಸ್ತೆಗೆ ಓಡುತ್ತಿದ್ದರು. ಸ್ಟಾಪು ಅಂತೇನೂ ಬೇಕಿರಲಿಲ್ಲ, ಕೈ ಅಡ್ಡ ಹಾಕಿದಲ್ಲಿ ಬಸ್ಸು ನಿಲ್ಲುತ್ತಿತ್ತು. ಕಂಡಕ್ಟರ್ ಕೆಳಗಿಳಿದು ಅಜ್ಜಿಯ ಕೈ ಹಿಡಿದು ಹತ್ತಿಸುತ್ತಿದ್ದ, ಬಾಳೆಗೊನೆಯನ್ನು ಸೀಟಿನಡಿ ತಳ್ಳುತ್ತಿದ್ದ, ಪೇಟೆಯಿಂದ ತರಬೇಕಾದ ಔಷಧಿಯ ಚೀಟಿಯನ್ನು ಜೇಬಿಗಿಳಿಸಿ ‘ರೈಟ್’ ಅನ್ನುತ್ತಿದ್ದ.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ದಾರಿಗಳಲ್ಲಿ ಇಂಥ ಬಸ್ಸುಗಳ ಮೇಲೆ ಬರೆದಿರುತ್ತಿದ್ದ ಹೆಸರು ‘ಸಹಕಾರ ಸಾರಿಗೆ’. ಕೊಪ್ಪದ ಶಂಕರ್ ಎಂಬ ಬಸ್ ಕಂಪನಿ ಬಾಗಿಲು ಹಾಕಿದಾಗ ಬೀದಿಗೆ ಬಿದ್ದ ಕಾರ್ಮಿಕರೇ 1991ರಲ್ಲಿ ಸಂಘ ಕಟ್ಟಿ ಇದನ್ನು ಶುರು ಮಾಡಿದರು. ಚಾಲಕ, ನಿರ್ವಾಹಕ, ಮೆಕ್ಯಾನಿಕ್ ಎಲ್ಲರೂ ಮಾಲೀಕರೇ. ಬೆರಳೆಣಿಕೆಯ ಬಸ್ಸುಗಳಿಂದ ಹೊರಟ ಸಂಘ ಎಪ್ಪತ್ತಕ್ಕೂ ಹೆಚ್ಚು ಬಸ್ಸು ಓಡಿಸುವ ಮಟ್ಟಕ್ಕೆ ಬೆಳೆಯಿತು. ಆಮೇಲೆ ಡೀಸೆಲ್ ದರ, ತೆರಿಗೆ, ವಿಮೆ, ಬಿಡಿಭಾಗಗಳ ವೆಚ್ಚ ಒಂದರ ಮೇಲೊಂದು ಏರಿದವು. ಸಾಲದ ಹೊರೆ ತಾಳಲಾರದೆ 2020ರ ಫೆಬ್ರುವರಿಯಲ್ಲಿ ಬಸ್ಸುಗಳು ನಿಂತವು.

ಅಂದು ನಾವು ಇದನ್ನು ಕಾರ್ಮಿಕರ ಕಷ್ಟ, ಪ್ರಯಾಣಿಕರ ಪರದಾಟ ಎಂದಷ್ಟೇ ನೋಡಿದೆವು. ಇದು ಹವಾಮಾನದ ಸುದ್ದಿಯೂ ಹೌದು ಎಂದು ಯಾರಿಗೂ ಹೊಳೆಯಲಿಲ್ಲ.

ಲೆಕ್ಕ ಸರಳ. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕೆ.ಜಿ. ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಪೆಟ್ರೋಲಾದರೆ ಸುಮಾರು 2.3 ಕೆ.ಜಿ. ಕೊಪ್ಪದಿಂದ ಶೃಂಗೇರಿಗೆ ಹೆಚ್ಚುಕಡಿಮೆ 30 ಕಿ.ಮೀ. ದಾರಿ. ಏರು ತಿರುವಿನ ಈ ದಾರಿಯಲ್ಲಿ ಬಸ್ಸು ಲೀಟರಿಗೆ ನಾಲ್ಕು ಕಿ.ಮೀ. ಕೊಟ್ಟಿತೆಂದುಕೊಳ್ಳಿ. ಏಳೂವರೆ ಲೀಟರಿಗೆ 20 ಕೆ.ಜಿ. ಆಯಿತು, ನಲವತ್ತು ಜನ ಕೂತಿದ್ದರೆ ತಲೆಗೆ ಅರ್ಧ ಕೆ.ಜಿ. ಅದೇ ದಾರಿಯಲ್ಲಿ ಬೈಕಿನಲ್ಲಿ ಒಬ್ಬನೇ ಹೋದರೆ ಒಂದೂವರೆ ಕೆ.ಜಿ. ಕಾರಿನಲ್ಲಿ ಒಬ್ಬನೇ ಹೋದರೆ ನಾಲ್ಕೂವರೆ ಕೆ.ಜಿ. ದಾಟುತ್ತದೆ. ಬಸ್ಸು ತಪ್ಪಿದವರು ಮನೆಯಲ್ಲಿ ಕೂರುವುದಿಲ್ಲವಲ್ಲ. ಸಾಲ ಮಾಡಿ ಬೈಕ್ ಕೊಳ್ಳುತ್ತಾರೆ, ಕೈಯಲ್ಲಿ ಕಾಸಿದ್ದವರು ಕಾರು ತೆಗೆಯುತ್ತಾರೆ. ಎರಡೂ ಆಗದ ಮುದುಕರು, ಹೆಣ್ಣುಮಕ್ಕಳು, ಕೂಲಿಯವರು ದಾರಿಬದಿಯಲ್ಲಿ ಕಾಯುತ್ತಾರೆ.

ನಮ್ಮ ದೇಶದಲ್ಲಿ ಇಂಧನದಿಂದ ಹೊಮ್ಮುವ ಇಂಗಾಲದ ಡೈಆಕ್ಸೈಡಿನಲ್ಲಿ ಸುಮಾರು ಶೇ 12ರಷ್ಟು ರಸ್ತೆ ಸಾರಿಗೆಯದ್ದು. ಅದರ ದೊಡ್ಡ ಪಾಲು ನಗರಗಳದ್ದೇ ಇರಬಹುದು. ಆದರೆ ಹವಾಮಾನದ ಏಟು ತಿನ್ನುವ ಸರದಿಯಲ್ಲಿ ಮಲೆನಾಡು ಹಿಂದಿಲ್ಲ. ತುಂಗೆ ಉಕ್ಕಿದಾಗಲೆಲ್ಲ ಶೃಂಗೇರಿಯ ಗಾಂಧಿ ಮೈದಾನ ನೀರಿನಡಿ ಹೋಗುತ್ತದೆ. 2019ರ ಆಗಸ್ಟ್ ಮಳೆಗೆ ಚಾರ್ಮಾಡಿ ಘಾಟಿ ಕುಸಿದು ಕರಾವಳಿಯ ದಾರಿ ಮುಚ್ಚಿತ್ತು. ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಯಲು ಎರಡು ದಿನದ ಹೊಳವು ಸಿಗದೆ ಕೊಳೆರೋಗಕ್ಕೆ ತೋಟ ಒಪ್ಪಿಸಿದ ರೈತನಿಗೆ ಹವಾಮಾನ ಬದಲಾವಣೆಯ ಪಾಠ ಬೇರೆ ಬೇಕಿಲ್ಲ.

ಹಿಂದೆ ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಪುಟ್ಟ ಟ್ರಾಂ ರೈಲು ಓಡುತ್ತಿತ್ತು. ಇಂದು ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳಲ್ಲಿ ಎಲ್ಲಿಯೂ ರೈಲಿಲ್ಲ. ಮಣಿಪಾಲದ ಆಸ್ಪತ್ರೆಗೆ, ಮಂಗಳೂರಿನ ಕಾಲೇಜಿಗೆ ಹೋಗುವವರಿಗೆ ರಸ್ತೆಯೊಂದೇ ಗತಿ. ಆಗುಂಬೆ ಘಾಟಿಯ ತಿರುವುಗಳಲ್ಲಿ ಮಿನಿ ಬಸ್ಸೊಂದು ಇಪ್ಪತ್ತೈದು ಜನರನ್ನು ಇಳಿಸಿದರೆ ಹಲವು ಕಾರುಗಳು ಕರಾವಳಿಯ ರಸ್ತೆಗೆ ಇಳಿಯುವುದು ತಪ್ಪುತ್ತದೆ. ಮಂಗಳೂರಿನ ಹೊಗೆ ತಗ್ಗಿಸುವ ಕೆಲಸ ಕೊಪ್ಪದ ಬಸ್ ನಿಲ್ದಾಣದಿಂದಲೇ ಶುರುವಾಗಬಹುದು.

ಹಾಗಾದರೆ ಏನು ಮಾಡಬೇಕು? 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಉಚಿತ ಪ್ರಯಾಣ ಕೊಟ್ಟಿತು. ಆದರೆ ಸರ್ಕಾರಿ ಬಸ್ಸೇ ಹೋಗದ ಊರಿನಲ್ಲಿ ಉಚಿತ ಟಿಕೆಟ್ಟಿಗೆ ಬೆಲೆಯೇನು? ಮೊದಲು ಬಸ್ಸು ಬರಬೇಕು, ಹೇಳಿದ ಹೊತ್ತಿಗೆ ಬರಬೇಕು. ಬೆಂಗಳೂರಿನಿಂದ ಚಿಕ್ಕಮಗಳೂರಿಗೆ ಕೆಎಸ್‌ಆರ್‌ಟಿಸಿಯ ವಿದ್ಯುತ್ ಬಸ್ಸು ಓಡುತ್ತದೆ. ಅದರ ಸಣ್ಣ ತಮ್ಮನೊಬ್ಬ ಕೊಪ್ಪ, ಶೃಂಗೇರಿಯ ತಿರುವುಗಳಿಗೂ ಬರಲಿ. ಕಾರ್ಮಿಕರೇ ಸಂಘ ಕಟ್ಟಿ ಹಳ್ಳಿಗೆ ಬಸ್ಸು ಓಡಿಸುವುದಾದರೆ ಡೀಸೆಲ್ ತೆರಿಗೆಯಲ್ಲೋ ಸಾಲದ ಬಡ್ಡಿಯಲ್ಲೋ ಸರ್ಕಾರ ಹೆಗಲು ಕೊಡಲಿ. ಮೂರು ದಶಕದ ಹತ್ತಿರ ಅವರು ನಡೆಸಿ ತೋರಿಸಿದ್ದಾರೆ. ಸೋತದ್ದು ದುಡ್ಡಿಗೆ, ದುಡಿಮೆಗಲ್ಲ.

ಓದುಗರಲ್ಲಿ ಒಂದೇ ವಿನಂತಿ. ಮುಂದಿನ ಸಲ ಪೇಟೆಗೆ ಹೊರಟಾಗ ಬಸ್ಸಿದ್ದರೆ ಬಸ್ಸನ್ನೇ ಹತ್ತಿ. ಇಲ್ಲದಿದ್ದರೆ ನಿಮ್ಮೂರಿಗೆ ಯಾವ ಹೊತ್ತಿಗೆ ಬಸ್ಸು ಬೇಕೆಂದು ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ, ಅದನ್ನು ನಡಾವಳಿಯಲ್ಲಿ ಬರೆಸಿ.