ಕೇಳಿದ್ದನ್ನೆಲ್ಲ ಕೊಡುವ ಯಂತ್ರ

ಜಾಲತಾಣದಲ್ಲಿರುವ ಒಂದು ಪಿಡಿಎಫ್ ಮೇಲೆ ಬೆರಳಿಟ್ಟರೆ ಅದು ಕ್ಷಣಾರ್ಧದಲ್ಲಿ ನಮ್ಮ ಮೊಬೈಲಿಗೆ ಇಳಿಯುತ್ತದೆ. ಅದನ್ನು ಹುಡುಕಿ ತೆಗೆದು ಕಳಿಸಿಕೊಡುವುದು ವೆಬ್ ಸರ್ವರ್ ಎಂಬ ತಂತ್ರಾಂಶ. ಅಪಾಚೆ, ಎಂಜಿನ್‌ಎಕ್ಸ್‌ನಂಥ ಸರ್ವರುಗಳು ಉಚಿತವಾಗಿ ಸಿಗುವುದರಿಂದ ಸಂಘ-ಸಂಸ್ಥೆಗಳು, ಶಾಲೆಗಳು, ಸಣ್ಣ ಪ್ರಕಾಶಕರು ಕೂಡ ತಮ್ಮದೇ ಯಂತ್ರದಲ್ಲೋ ಬಾಡಿಗೆ ಯಂತ್ರದಲ್ಲೋ ಜಾಲತಾಣವನ್ನು ತಾವೇ ನಡೆಸಬಹುದು. ವರದಿ, ಅರ್ಜಿ ನಮೂನೆ, ಹಳೆಯ ಪುಸ್ತಕಗಳನ್ನು ಬಂದವರೆಲ್ಲ ಇಳಿಸಿಕೊಳ್ಳಲಿ ಎಂದು ಇಡಬಹುದು. ತೊಂದರೆ ಶುರುವಾಗುವುದು ಇಟ್ಟದ್ದರ ಜೊತೆಗೆ ಇಡದದ್ದೂ ಹೊರಗೆ ಹೋದಾಗ. ಆಗ ಹ್ಯಾಕರುಗಳ ಕೈಚಳಕವನ್ನು ದೂರುವುದು ರೂಢಿ. ಆದರೆ ದೊಡ್ಡ ದೊಡ್ಡ ಸೋರಿಕೆಗಳನ್ನು ಬಿಡಿಸಿ ನೋಡಿದರೆ ಅನೇಕ ಕಡೆ ಸರ್ವರ್ ತನಗೆ ಹೇಳಿದ ಕೆಲಸವನ್ನು ಚಾಚೂತಪ್ಪದೆ ಮಾಡಿರುತ್ತದೆ. ಕೊಡಬಾರದ್ದನ್ನು ಅದರ ಕೈಗೆ ಸಿಗುವ ಕಡೆ ಇಟ್ಟವರು ಮನುಷ್ಯರು. ಆದ್ದರಿಂದ ಬೀಗದ ಮೇಲೆ ಬೀಗ ಜಡಿಯುವುದಕ್ಕೆ ಮೊದಲು ಸರ್ವರಿನ ಕೈ ಎಲ್ಲಿಯವರೆಗೆ ಚಾಚುತ್ತದೆ ಎಂಬುದನ್ನು ಮೊಟಕುಗೊಳಿಸಬೇಕು ಎಂಬುದು ಈ ಲೇಖನದ ವಾದ.

ಈ ಯಂತ್ರದ ಸ್ವಭಾವ ಅದರ ಹುಟ್ಟಿನಲ್ಲೇ ಇದೆ. 1990ರ ಕೊನೆಯಲ್ಲಿ ಜಿನೀವಾ ಬಳಿಯ ಸರ್ನ್ ಸಂಶೋಧನಾಲಯದಲ್ಲಿ ಟಿಮ್ ಬರ್ನರ್ಸ್-ಲೀ ಮೊದಲ ವೆಬ್ ಸರ್ವರನ್ನು ನಡೆಸಿದಾಗ ವಿಜ್ಞಾನಿಗಳು ತಮ್ಮ ದಾಖಲೆಗಳನ್ನು ಸಲೀಸಾಗಿ ಹಂಚಿಕೊಳ್ಳಬೇಕು ಎಂಬುದೇ ಉದ್ದೇಶವಾಗಿತ್ತು. ಎಚ್‌ಟಿಟಿಪಿ ಎಂಬ ಅದರ ಸಂವಹನ ನಿಯಮದ ಮೊದಲ ರೂಪದಲ್ಲಿ ‘ಗೆಟ್’ ಎಂಬ ಒಂದೇ ಆದೇಶವಿತ್ತು: ಇಂಥ ವಿಳಾಸದ್ದನ್ನು ಕೊಡು, ಅಷ್ಟೆ. ಕೇಳುತ್ತಿರುವವರು ಯಾರೆಂದು ಹೇಳಲು ಅದರಲ್ಲಿ ಜಾಗವೇ ಇರಲಿಲ್ಲ. ಆಮೇಲೆ ನಿಯಮ ಬೆಳೆದಿದೆ, ಗುರುತು ಹೇಳುವ ಏರ್ಪಾಡುಗಳು ಸೇರಿವೆ; ಮೂಲ ನಡವಳಿಕೆ ಮಾತ್ರ ಹಾಗೆಯೇ ಉಳಿದಿದೆ. ವಿಳಾಸ ಬಂದರೆ ಸರ್ವರ್ ಅದಕ್ಕೆ ಹೊಂದುವ ಫೈಲನ್ನು ಹುಡುಕುತ್ತದೆ, ತನ್ನ ಸಂರಚನೆಯಲ್ಲಿ ನಿಷೇಧವಿದೆಯೇ ಎಂದು ನೋಡುತ್ತದೆ, ಆ ಫೈಲನ್ನು ಓದಲು ಕಂಪ್ಯೂಟರಿನ ಕಾರ್ಯಾಚರಣ ವ್ಯವಸ್ಥೆ ತನಗೆ ಅನುಮತಿ ಕೊಟ್ಟಿದೆಯೇ ಎಂದು ನೋಡುತ್ತದೆ. ಎರಡಕ್ಕೂ ಅಡ್ಡಿಯಿಲ್ಲದಿದ್ದರೆ ಕಳಿಸಿಬಿಡುತ್ತದೆ. ಕೇಳಿದವರು ಮುಖಪುಟದ ಲಿಂಕ್ ಒತ್ತಿ ಬಂದರೋ, ವಿಳಾಸವನ್ನು ತಾವೇ ಟೈಪು ಮಾಡಿದರೋ ಎಂಬುದು ಅದಕ್ಕೆ ಲೆಕ್ಕಕ್ಕಿಲ್ಲ. ಇದನ್ನು ಸಾರ್ವಜನಿಕರಿಗೆಂದು ಇಟ್ಟಿದ್ದಾರೆ, ಅದನ್ನು ಇಟ್ಟಿಲ್ಲ ಎಂಬ ನಮ್ಮ ಮನಸ್ಸಿನ ವಿಂಗಡಣೆಯಂತೂ ಅದಕ್ಕೆ ಗೊತ್ತಾಗುವ ಬಗೆಯೇ ಇಲ್ಲ.

ಕೆನಡಾದ ನೋವಾ ಸ್ಕೋಷಿಯಾ ಪ್ರಾಂತ್ಯದಲ್ಲಿ 2018ರಲ್ಲಿ ನಡೆದದ್ದು ಇದಕ್ಕೆ ಒಳ್ಳೆಯ ಸಾಕ್ಷ್ಯ. ಮಾಹಿತಿ ಹಕ್ಕಿನಡಿ ಕೊಟ್ಟ ಉತ್ತರಗಳನ್ನು ಎಲ್ಲರೂ ಓದಲಿ ಎಂದು ಅಲ್ಲಿನ ಸರ್ಕಾರ ಒಂದು ಜಾಲತಾಣ ನಡೆಸುತ್ತಿತ್ತು. ಪ್ರತಿ ದಾಖಲೆಯ ವಿಳಾಸದ ಕೊನೆಯಲ್ಲಿ ಒಂದು ಸಂಖ್ಯೆ. ಒಂದು ಕೂಡಿಸಿದರೆ ಮುಂದಿನ ದಾಖಲೆ. ಹತ್ತೊಂಬತ್ತರ ಒಬ್ಬ ತರುಣ ಸಣ್ಣದೊಂದು ಪ್ರೋಗ್ರಾಮ್ ಬರೆದು ಸುಮಾರು 7,000 ದಾಖಲೆಗಳನ್ನು ಹೀಗೆ ಇಳಿಸಿಕೊಂಡ. ಅವುಗಳಲ್ಲಿ ಸುಮಾರು 250 ಸಾರ್ವಜನಿಕರಿಗೆ ಉದ್ದೇಶಿಸಿದವಾಗಿರಲಿಲ್ಲ, ಜನರ ಖಾಸಗಿ ವಿವರಗಳಿದ್ದವು. ಸರ್ಕಾರಕ್ಕೆ ಇದು ಗೊತ್ತಾದದ್ದೂ ಅದರದೇ ನೌಕರರೊಬ್ಬರು ವಿಳಾಸದಲ್ಲಿ ಅಂಕೆ ತಪ್ಪಾಗಿ ಒತ್ತಿ, ಕಾಣಬಾರದ ದಾಖಲೆಯನ್ನು ಕಂಡಾಗ. ಪೊಲೀಸರು ತರುಣನನ್ನು ಬಂಧಿಸಿದರು. ಕೆಲವೇ ವಾರಗಳಲ್ಲಿ ಪ್ರಕರಣ ಕೈಬಿಟ್ಟರು. ಇಲ್ಲಿ ಮುರಿದ ಬೀಗ ಯಾವುದೂ ಇರಲಿಲ್ಲ. ಗುಟ್ಟಿನ ದಾಖಲೆಯೂ ಬಹಿರಂಗ ದಾಖಲೆಯೂ ಒಂದೇ ಕಡೆ, ಒಂದೇ ಅನುಮತಿಯಲ್ಲಿ ಇದ್ದವು. ಒಂದಕ್ಕೆ ಪುಟದಲ್ಲಿ ಲಿಂಕ್ ಇತ್ತು, ಇನ್ನೊಂದಕ್ಕೆ ಇರಲಿಲ್ಲ.

ನಮ್ಮ ದೇಶದ ಅನುಭವವೂ ಬೇರೆಯಲ್ಲ. ಬೆಂಗಳೂರಿನ ಸೆಂಟರ್ ಫಾರ್ ಇಂಟರ್ನೆಟ್ ಅಂಡ್ ಸೊಸೈಟಿ 2017ರ ಮೇನಲ್ಲಿ ಪ್ರಕಟಿಸಿದ ವರದಿ ನಾಲ್ಕು ಸರ್ಕಾರಿ ಜಾಲತಾಣಗಳನ್ನು ಪರಿಶೀಲಿಸಿ, ಸುಮಾರು 13 ಕೋಟಿ ಆಧಾರ್ ಸಂಖ್ಯೆಗಳು ಸಾರ್ವಜನಿಕರ ಕಣ್ಣಿಗೆ ಬೀಳುವಂತಿದ್ದವು ಎಂದು ಅಂದಾಜು ಮಾಡಿತು. ಆ ಪೈಕಿ ಒಂದು ತಾಣದಲ್ಲಿ ವಿಳಾಸದೊಳಗಿನ ‘ನೋಲಾಗಿನ್’ ಎಂಬ ಪದವನ್ನು ‘ಲಾಗಿನ್’ ಎಂದು ತಿದ್ದಿದರೆ ಸಾಕು, ಪಾಸ್‌ವರ್ಡ್ ಇಲ್ಲದೆಯೇ ಮರೆಮಾಡಿದ್ದ ವಿವರಗಳು ಪೂರ್ತಿ ತೆರೆದುಕೊಳ್ಳುತ್ತಿದ್ದವು ಎಂದು ವರದಿ ದಾಖಲಿಸಿದೆ. ಅಮೆರಿಕದ ಫಸ್ಟ್ ಅಮೆರಿಕನ್ ಫೈನಾನ್ಷಿಯಲ್ ಕಂಪನಿಯ ತಾಣದಲ್ಲಿ ಆಸ್ತಿ ವ್ಯವಹಾರಗಳ ಸುಮಾರು 88.5 ಕೋಟಿ ದಾಖಲೆಗಳು ಇದೇ ರೀತಿ ಅಂಕೆ ಬದಲಿಸಿದವರಿಗೆಲ್ಲ ಸಿಗುವಂತಿದ್ದವು ಎಂದು ಪತ್ರಕರ್ತ ಬ್ರಯಾನ್ ಕ್ರೆಬ್ಸ್ 2019ರ ಮೇನಲ್ಲಿ ವರದಿ ಮಾಡಿದರು. ಹಣವಿದ್ದ ಕಂಪನಿ, ಅಧಿಕಾರವಿದ್ದ ಸರ್ಕಾರ ಎರಡೂ ಎಡವಿದ್ದು ಒಂದೇ ಕಡೆ.

ಹಾಗಾದರೆ ಸಂಖ್ಯೆಯ ಬದಲು ಊಹಿಸಲಾಗದ ಉದ್ದನೆಯ ಹೆಸರು ಕೊಟ್ಟರಾಯಿತಲ್ಲ ಎಂದು ಕೇಳಬಹುದು. ಈ ಆಕ್ಷೇಪದಲ್ಲಿ ಹುರುಳಿದೆ. ಯಾದೃಚ್ಛಿಕವಾಗಿ ಆರಿಸಿದ 128 ಬಿಟ್‌ಗಳ ಹೆಸರನ್ನು ಊಹಿಸಲು ಹೊರಟವರ ಮುಂದೆ 39 ಅಂಕೆಗಳಷ್ಟು ದೊಡ್ಡ ಸಂಖ್ಯೆಯ ಸಾಧ್ಯತೆಗಳಿರುತ್ತವೆ. ಯಾವ ಕಂಪ್ಯೂಟರಿಗೂ ಅದು ಸಾಧ್ಯವಾಗದ ಮಾತು. ಆದರೆ ವಿಳಾಸ ಗುಟ್ಟಾಗಿ ಉಳಿಯುವ ವಸ್ತುವಲ್ಲ. ಅದು ಬ್ರೌಸರಿನ ಇತಿಹಾಸದಲ್ಲಿ ಕೂರುತ್ತದೆ, ಸರ್ವರುಗಳ ಲಾಗ್‌ನಲ್ಲಿ ದಾಖಲಾಗುತ್ತದೆ, ವಾಟ್ಸ್ಆಪ್ ಗುಂಪಿನಿಂದ ಗುಂಪಿಗೆ ಹಾರುತ್ತದೆ. ಹಾಗೆ ಹೊರಬಿದ್ದ ವಿಳಾಸ ಯಾರ ಕೈಯಲ್ಲಿದ್ದರೂ ಸರ್ವರ್ ಫೈಲ್ ಕೊಡುತ್ತದೆ. ಕೆಲವರು ನೆಚ್ಚುವ ರೋಬಾಟ್ಸ್ ಡಾಟ್ ಟಿಎಕ್ಸ್‌ಟಿ ಎಂಬ ಫೈಲಿನ ಕಥೆಯೂ ಇಷ್ಟೆ. ಯಾವ ಪುಟಗಳ ಕಡೆ ಬರಬೇಡಿ ಎಂದು ಸರ್ಚ್ ಎಂಜಿನ್ನುಗಳಿಗೆ ಹೇಳುವ ಈ ಪದ್ಧತಿ 1994ರಲ್ಲಿ ಶುರುವಾಯಿತು, 2022ರಲ್ಲಿ ಅಧಿಕೃತ ಅಂತರ್ಜಾಲ ದಾಖಲೆಯಾಯಿತು. ಇದು ಪ್ರವೇಶ ನಿಯಂತ್ರಣದ ಸಾಧನವಲ್ಲ ಎಂದು ಆ ದಾಖಲೆಯೇ ಸಾರುತ್ತದೆ. ಅಷ್ಟೇ ಅಲ್ಲ, ಆ ಫೈಲನ್ನು ಯಾರು ಬೇಕಾದರೂ ಓದಬಹುದಾದ್ದರಿಂದ ಎಲ್ಲೆಲ್ಲಿ ಗುಟ್ಟಿದೆ ಎಂಬ ಪಟ್ಟಿಯನ್ನು ನಾವೇ ಬರೆದು ತೂಗುಹಾಕಿದಂತೆ ಆಗುತ್ತದೆ.

ಸರ್ವರ್ ತಂತ್ರಾಂಶದಲ್ಲೇ ದೋಷವಿದ್ದಾಗ ಏನಾಗುತ್ತದೆ? ಕಂಪ್ಯೂಟರಿನ ವಿಳಾಸಗಳಲ್ಲಿ ಎರಡು ಚುಕ್ಕಿ ಮತ್ತು ಒಂದು ಓರೆಗೆರೆ ಬರೆದರೆ ಒಂದು ಫೋಲ್ಡರಿನಿಂದ ಹೊರಗೆ, ಅದರ ಮೇಲಿನ ಫೋಲ್ಡರಿಗೆ ಹೋಗು ಎಂದರ್ಥ. ಇದನ್ನು ಮತ್ತೆ ಮತ್ತೆ ಬರೆದು ಸಾರ್ವಜನಿಕ ಫೋಲ್ಡರಿನಿಂದ ಹೊರಬಿದ್ದು ಯಂತ್ರದ ಬೇರೆ ಫೈಲುಗಳನ್ನು ಮುಟ್ಟುವ ಪ್ರಯತ್ನ ಬಹಳ ಹಳೆಯದು. ಒಳ್ಳೆಯ ಸರ್ವರ್ ಇದನ್ನು ಗುರುತಿಸಿ ತಡೆಯುತ್ತದೆ. ಆದರೆ ಚುಕ್ಕಿಯನ್ನು ಚುಕ್ಕಿಯಾಗಿ ಬರೆಯದೆ ಸಂಕೇತವಾಗಿಯೂ ಬರೆಯಬಹುದು. 2001ರ ಸೆಪ್ಟೆಂಬರಿನಲ್ಲಿ ಹರಡಿದ ನಿಮ್ಡಾ ಎಂಬ ಕುತಂತ್ರಾಂಶ ಮೈಕ್ರೋಸಾಫ್ಟ್ ಸರ್ವರಿನ ಇಂಥ ದೋಷವನ್ನೂ ಬಳಸಿಕೊಂಡಿತ್ತು. ಇಪ್ಪತ್ತು ವರ್ಷಗಳ ಬಳಿಕ, 2021ರ ಅಕ್ಟೋಬರಿನಲ್ಲಿ, ಅಪಾಚೆಯ 2.4.49 ಆವೃತ್ತಿಯಲ್ಲಿ ಅದೇ ಜಾತಿಯ ದೋಷ ಬೆಳಕಿಗೆ ಬಂತು. ತಕ್ಷಣ ಬಂದ 2.4.50 ಕೂಡ ಅದನ್ನು ಪೂರ್ತಿ ಮುಚ್ಚಲಿಲ್ಲ, ಕೆಲವೇ ದಿನಗಳಲ್ಲಿ 2.4.51 ಬರಬೇಕಾಯಿತು. ಈ ಘಟನೆಯಲ್ಲಿ ಗಮನಿಸಬೇಕಾದ ಸಂಗತಿ ಬೇರೆ ಇದೆ. ಸಾರ್ವಜನಿಕ ಫೋಲ್ಡರಿನ ಹೊರಗಿರುವುದೆಲ್ಲ ನಿಷಿದ್ಧ ಎಂಬ ಮೂಲ ಸಾಲು ಸಂರಚನೆಯಲ್ಲಿ ಹಾಗೆಯೇ ಉಳಿದಿದ್ದ ಕಡೆ ಈ ದಾಳಿ ಫಲಿಸುತ್ತಿರಲಿಲ್ಲ. ತಂತ್ರಾಂಶದ ದೋಷ ಆ ಆವೃತ್ತಿ ಬಳಸಿದ ಎಲ್ಲರಲ್ಲೂ ಇತ್ತು. ಕೈಚಾಚುವ ದೂರವನ್ನು ಮೊದಲೇ ಕಡಿಮೆ ಮಾಡಿದ್ದವರು ಬಚಾವಾದರು.

ಇದರಿಂದ ಹೊರಡುವ ಕ್ರಮ ಸರಳವಾದದ್ದು. ಸಾರ್ವಜನಿಕರಿಗೆ ಕೊಡುವ ಫೈಲುಗಳಿಗೆ ಒಂದು ಪ್ರತ್ಯೇಕ ಫೋಲ್ಡರ್, ಸಾಧ್ಯವಿದ್ದರೆ ಪ್ರತ್ಯೇಕ ಯಂತ್ರವೇ ಇರಲಿ. ಕಚೇರಿಯ ಲೆಕ್ಕಪತ್ರವಿರುವ ಕಂಪ್ಯೂಟರುಗಳಿಗೆ ಅಲ್ಲಿಂದ ದಾರಿ ಇರದಿರಲಿ. ಮೂಲ ಪ್ರತಿಗಳು ಬೇರೆಡೆ ಇದ್ದು, ಪ್ರಕಟಿಸಲು ನಿರ್ಧರಿಸಿದವುಗಳ ನಕಲು ಮಾತ್ರ ಇಲ್ಲಿಗೆ ಬರಲಿ. ಡೆಬಿಯನ್, ಉಬುಂಟುಗಳಲ್ಲಿ ಸರ್ವರ್ ಸಾಮಾನ್ಯವಾಗಿ ಹೆಚ್ಚಿನ ಅಧಿಕಾರವಿಲ್ಲದ ಬಳಕೆದಾರನ ಹೆಸರಿನಲ್ಲಿ ಕೆಲಸ ಮಾಡುತ್ತದೆ. ಆ ಬಳಕೆದಾರನಿಗೆ ಈ ಫೋಲ್ಡರನ್ನು ಓದುವ ಹಕ್ಕು ಸಾಕು, ಬರೆಯುವ ಹಕ್ಕು ಬೇಡ. ಆಗ ಸರ್ವರ್ ದಾಳಿಕೋರರ ವಶವಾದರೂ ಫೈಲುಗಳನ್ನು ಬದಲಿಸುವುದು ಕಷ್ಟವಾಗುತ್ತದೆ. ಈ ಫೋಲ್ಡರಿನೊಳಗೆ ಪಿಎಚ್‌ಪಿಯಂಥ ಯಾವ ಪ್ರೋಗ್ರಾಮೂ ಚಾಲನೆಯಾಗದಂತೆ ನೋಡಿಕೊಳ್ಳಬೇಕು, ಫೋಲ್ಡರಿನಲ್ಲಿರುವುದನ್ನೆಲ್ಲ ಪಟ್ಟಿಮಾಡಿ ತೋರಿಸುವ ಸೌಲಭ್ಯವನ್ನು ನಿಲ್ಲಿಸಬೇಕು. ಓದುಗರಿಂದ ಲೇಖನವನ್ನೋ ಅರ್ಜಿಯನ್ನೋ ಪಡೆಯುವ ವ್ಯವಸ್ಥೆ ಬೇಕಿದ್ದರೆ ಅದಕ್ಕೆ ಬೇರೆ ಜಾಗ ಮಾಡಬೇಕು. ಒಳಗೆ ಬರುವ ಬಾಗಿಲೂ ಹೊರಗೆ ಕೊಡುವ ಬಾಗಿಲೂ ಒಂದೇ ಆದರೆ ಅಪರಿಚಿತರು ತಂದಿಟ್ಟದ್ದನ್ನು ನಮ್ಮ ಹೆಸರಿನಲ್ಲಿ ನಾವೇ ಹಂಚಿದಂತಾಗುತ್ತದೆ.

ಫೋಲ್ಡರ್ ಎಷ್ಟು ಅಚ್ಚುಕಟ್ಟಾಗಿದ್ದರೂ ಫೈಲಿನ ಹೊಟ್ಟೆಯಲ್ಲೇ ಗುಟ್ಟು ಅಡಗಿರಬಹುದು. 2023ರ ಆಗಸ್ಟಿನಲ್ಲಿ ಉತ್ತರ ಐರ್ಲೆಂಡಿನ ಪೊಲೀಸ್ ಇಲಾಖೆ ಮಾಹಿತಿ ಹಕ್ಕಿನ ಅರ್ಜಿಯೊಂದಕ್ಕೆ ಉತ್ತರವಾಗಿ ಎಕ್ಸೆಲ್ ಫೈಲನ್ನು ಪ್ರಕಟಿಸಿತು. ಅದರಲ್ಲಿ ಮರೆಮಾಡಿದ್ದ ಒಂದು ಹಾಳೆ ಇತ್ತು. ಒಂಬತ್ತು ಸಾವಿರಕ್ಕೂ ಹೆಚ್ಚು ಪೊಲೀಸರ ಮತ್ತು ಸಿಬ್ಬಂದಿಯ ವಿವರ ಅದರೊಳಗಿತ್ತು. ಅಮೆರಿಕದಲ್ಲಿ 2019ರ ಜನವರಿಯಲ್ಲಿ ರಾಜಕೀಯ ಸಲಹೆಗಾರ ಪಾಲ್ ಮ್ಯಾನಫೋರ್ಟ್ ಪರ ವಕೀಲರು ನ್ಯಾಯಾಲಯಕ್ಕೆ ಸಲ್ಲಿಸಿದ ಪಿಡಿಎಫ್‌ನಲ್ಲಿ ಗುಟ್ಟಿನ ಸಾಲುಗಳ ಮೇಲೆ ಕಪ್ಪುಪಟ್ಟಿ ಎಳೆಯಲಾಗಿತ್ತು. ಪಟ್ಟಿಯ ಕೆಳಗಿನ ಅಕ್ಷರಗಳು ಮಾತ್ರ ಅಲ್ಲಿಯೇ ಇದ್ದವು, ನಕಲಿಸಿ ಬೇರೆಡೆ ಅಂಟಿಸಿದರೆ ಓದಬಹುದಿತ್ತು. ಪಿಡಿಎಫ್‌ನಲ್ಲಿ ಅಕ್ಷರಗಳೂ ಚಿತ್ರಗಳೂ ಒಂದರ ಮೇಲೊಂದು ಪದರಗಳಾಗಿರುತ್ತವೆ. ಮೇಲಿನದು ಕೆಳಗಿನದನ್ನು ಮರೆಮಾಡುತ್ತದೆ, ಅಳಿಸುವುದಿಲ್ಲ. ಪ್ರಕಟಿಸುವ ಮೊದಲು ಮೂಲದಲ್ಲೇ ಅಳಿಸಿ, ಹೊಸ ಪಿಡಿಎಫ್ ಮಾಡಿ, ಒಳಗಿನ ಪಠ್ಯವನ್ನು ಹುಡುಕಿ ನೋಡುವುದು ಖಾತ್ರಿಯ ದಾರಿ. ಸರ್ವರಿಗೆ ಮನಸ್ಸಿನ ಇಂಗಿತ ತಿಳಿಯುವುದಿಲ್ಲ ಎಂಬ ಮಾತು ಫೈಲಿನ ಒಳಗಿನ ಪದರಕ್ಕೂ ಸಲ್ಲುತ್ತದೆ.

ಸುರಕ್ಷತೆ ಕೊಡುವವರದಷ್ಟೇ ಅಲ್ಲ, ಪಡೆಯುವವರದೂ ಹೌದು. ಲಿನಕ್ಸ್ ಮಿಂಟ್ ಎಂಬ ಉಚಿತ ಕಾರ್ಯಾಚರಣ ವ್ಯವಸ್ಥೆಯ ತಾಣಕ್ಕೆ 2016ರ ಫೆಬ್ರವರಿ 20ರಂದು ನುಗ್ಗಿದವರು ಡೌನ್‌ಲೋಡ್ ಲಿಂಕ್ ಬದಲಿಸಿ, ಹಿಂಬಾಗಿಲು ಕೊರೆದ ನಕಲಿ ಫೈಲಿನತ್ತ ಜನರನ್ನು ಕಳಿಸಿದರು. ಎಚ್‌ಟಿಟಿಪಿಯ ಸುರಕ್ಷಿತ ರೂಪವಾದ ಎಚ್‌ಟಿಟಿಪಿಎಸ್ ಇದ್ದರೆ ದಾರಿಯಲ್ಲಿ ಯಾರೂ ಫೈಲನ್ನು ತಿದ್ದಲಾರರು. ಲೆಟ್ಸ್ ಎನ್‌ಕ್ರಿಪ್ಟ್ ಅದಕ್ಕೆ ಬೇಕಾದ ಪ್ರಮಾಣಪತ್ರವನ್ನು ಪುಕ್ಕಟೆ ಕೊಡುತ್ತದೆ. ಆದರೆ ತಾಣವೇ ದಾಳಿಕೋರರ ವಶವಾದರೆ ಅದು ಸಾಲದು. ಪ್ರತಿ ಫೈಲಿನ ಬೆರಳಚ್ಚಿನಂತಿರುವ ಎಸ್‌ಎಚ್‌ಎ-256 ಮೊತ್ತವನ್ನು ಅದೇ ತಾಣದಲ್ಲಿ ಹಾಕಿದರೆ ನುಗ್ಗಿದವರು ಅದನ್ನೂ ಬದಲಿಸಬಲ್ಲರು. ಆದ್ದರಿಂದ ಅದರ ಇನ್ನೊಂದು ಪ್ರತಿ ಬೇರೆ ಕಡೆ ಇರಬೇಕು, ಇಲ್ಲವೇ ಸರ್ವರಿನಲ್ಲಿ ಇಡದ ಕೀಲಿಯಿಂದ ಮಾಡಿದ ಡಿಜಿಟಲ್ ಸಹಿ ಇರಬೇಕು. ಸಹಿ ಮಾಡುವ ಕೀಲಿಯೂ ಸರ್ವರಿನ ಕೈಗೆಟಕಬಾರದ ವಸ್ತುವೇ.

ನಮ್ಮ ಸಣ್ಣ ತಾಣವನ್ನು ಯಾರು ಕೇಳುತ್ತಾರೆ ಎಂಬುದು ಇನ್ನೊಂದು ಆಕ್ಷೇಪ. ಮಿಶಿಗನ್ ವಿಶ್ವವಿದ್ಯಾಲಯದ ಸಂಶೋಧಕರು, ತಾವು 2013ರಲ್ಲಿ ಪ್ರಕಟಿಸಿದ ಜೀಮ್ಯಾಪ್ ಎಂಬ ಉಪಕರಣ, ಒಂದೇ ಯಂತ್ರ ಮತ್ತು ಗಿಗಾಬಿಟ್ ಸಂಪರ್ಕದಿಂದ, ಐಪಿವಿ4 ಎಂಬ ಪದ್ಧತಿಯ ಅಂತರ್ಜಾಲ ವಿಳಾಸಗಳನ್ನೆಲ್ಲ 45 ನಿಮಿಷದೊಳಗೆ ಒಮ್ಮೆ ತಟ್ಟಿ ನೋಡಬಲ್ಲದು ಎಂದು ತೋರಿಸಿದರು. ತಟ್ಟುವುದು ಇಷ್ಟು ಅಗ್ಗವಾದ ಮೇಲೆ ಸಣ್ಣದು, ದೊಡ್ಡದು ಎಂದು ಯಾರೂ ಆರಿಸುತ್ತ ಕೂರುವುದಿಲ್ಲ. ಇಷ್ಟೆಲ್ಲ ತಲೆನೋವು ಯಾಕೆ, ದೊಡ್ಡ ಕಂಪನಿಯ ಡ್ರೈವ್‌ನಲ್ಲಿ ಇಟ್ಟರಾಯಿತಲ್ಲ ಎನ್ನುವವರೂ ಇದ್ದಾರೆ. ಯಂತ್ರದ ದುರಸ್ತಿ, ತಂತ್ರಾಂಶದ ಅಪ್‌ಡೇಟ್ ಅವರ ಹೆಗಲಿಗೆ ಹೋಗುತ್ತದೆ, ನಿಜ. ಆದರೆ ಯಾವ ಫೋಲ್ಡರ್ ತೆರೆದಿರಬೇಕು ಎಂಬ ತೀರ್ಮಾನ ನಮ್ಮದಾಗಿಯೇ ಉಳಿಯುತ್ತದೆ. ಅಮೆಜಾನಿನ ಎಸ್3 ಸಂಗ್ರಹದಲ್ಲಿ ಗ್ರಾಹಕರು ತೆರೆದಿಟ್ಟ ಫೈಲುಗಳಿಂದ ವರ್ಷಗಟ್ಟಲೆ ಸೋರಿಕೆಗಳಾದ ಮೇಲೆ, 2023ರ ಏಪ್ರಿಲಿನಿಂದ ಹೊಸ ಸಂಗ್ರಹಗಳಿಗೆ ಸಾರ್ವಜನಿಕ ಪ್ರವೇಶವನ್ನು ಆ ಕಂಪನಿ ಮೊದಲೇ ಮುಚ್ಚಿಟ್ಟು ಕೊಡತೊಡಗಿತು. ಹಾಗಿದ್ದರೆ ಎಲ್ಲದಕ್ಕೂ ಪಾಸ್‌ವರ್ಡ್ ಹಾಕೋಣ ಎಂದರೆ ಸಾರ್ವಜನಿಕ ದಾಖಲೆ ಎಂಬ ಮಾತಿಗೇ ಅರ್ಥವಿರುವುದಿಲ್ಲ. ನಮ್ಮ ಮಾಹಿತಿ ಹಕ್ಕು ಕಾಯ್ದೆ, 2005ರ ನಾಲ್ಕನೆಯ ಸೆಕ್ಷನ್, ಯಾರೂ ಕೇಳದೆಯೇ ಮಾಹಿತಿ ಪ್ರಕಟಿಸಿ ಎಂದು ಸಾರ್ವಜನಿಕ ಸಂಸ್ಥೆಗಳಿಗೆ ಹೇಳುತ್ತದೆ. ಸೋರಿಕೆಯ ಭಯ ಅದಕ್ಕೆ ನೆಪವಾಗಬಾರದು.

ಇನ್ನೊಂದು ಕಡೆ, 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಸುರಕ್ಷತೆಯ ಲೋಪಕ್ಕೆ ₹250 ಕೋಟಿಯವರೆಗೆ ದಂಡ ವಿಧಿಸಲು ಅವಕಾಶ ಕೊಡುತ್ತದೆ. ಪ್ರಕಟಿಸಬೇಕು, ಕಾಪಾಡಲೂ ಬೇಕು ಎಂಬ ಈ ಎರಡು ಕರ್ತವ್ಯಗಳು ಒಂದಕ್ಕೊಂದು ವಿರುದ್ಧ ಎನಿಸುವುದು ಎರಡೂ ಬಗೆಯ ಫೈಲುಗಳು ಒಂದೇ ಫೋಲ್ಡರಿನಲ್ಲಿ ಇರುವಷ್ಟು ದಿನ ಮಾತ್ರ. ಜಾಲತಾಣ ನಡೆಸುವ ಸಂಘದವರು, ಶಾಲೆಯವರು, ಪ್ರಕಾಶಕರು ಇಂದೇ ತಮ್ಮ ಸಾರ್ವಜನಿಕ ಫೋಲ್ಡರನ್ನು ತೆರೆದು, ಅದರಲ್ಲಿರುವ ಒಂದೊಂದು ಫೈಲನ್ನೂ ನೋಡಿ, ನಾಳೆ ಇದು ಊರವರ ಕೈಯಲ್ಲಿದ್ದರೆ ಅಡ್ಡಿಯಿಲ್ಲವೇ ಎಂದು ಕೇಳಿಕೊಳ್ಳಲಿ. ಅಡ್ಡಿಯಿದೆ ಎನಿಸಿದ್ದನ್ನು ಅಲ್ಲಿಂದ ತೆಗೆಯಲಿ. ಸರ್ವರಿನ ಹತ್ತಿರ ಇಲ್ಲದ ಫೈಲನ್ನು ಅದು ಯಾರಿಗೂ ಕೊಡಲಾರದು.